ಬಾವಿ ಹಗ್ಗದ ಒಂಬತ್ತು ಗಂಟು

(ತುಮಕೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹತ್ತು ನಿಮಿಷ ಕತ್ತಲಲ್ಲಿ ಕೂತಿದ್ದಿರಿ. ಒಬ್ಬರೂ ಎದ್ದು ಹೋಗಲಿಲ್ಲ. ಅದಕ್ಕೆ ಮೊದಲು ನಿಮಗೆ ವಂದನೆ. ಈಗ ಕರೆಂಟು ಬಂದಿದೆ. ಅದು ಎಲ್ಲಿಂದ ಬಂತು ಅನ್ನುವುದರಿಂದಲೇ ಶುರು ಮಾಡೋಣ.

ಮುಂದಿನ ಸಾಲಿನಲ್ಲಿ ಪಾವಗಡದವರು ಕೂತಿದ್ದಾರೆ. ನಮ್ಮ ತಿರುಮಣಿ ಸೋಲಾರಿಂದ ಬಂತು ಅನ್ನುತ್ತಾರೆ. ಮಧ್ಯಾಹ್ನವಾಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಈಗ ಸಂಜೆ ಏಳು ಗಂಟೆ, ಸೂರ್ಯ ಮನೆಗೆ ಹೋಗಿ ಆಗಿದೆ. ಈ ಹೊತ್ತಿಗೆ ಶರಾವತಿಯ ನೀರು ಒಂದಿಷ್ಟು ದುಡಿಯುತ್ತದೆ. ಜೊತೆಗೆ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ದುಡಿಯುತ್ತವೆ. ಅಲ್ಲಿ ಉರಿಯುವುದು ಕಲ್ಲಿದ್ದಲು. ರಾಯಚೂರಿನ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಈಗ ಅಲ್ಲಿ ಎಂಟು ಘಟಕ, ಒಟ್ಟು 1,720 ಮೆಗಾವಾಟ್.

ಆದರೆ ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಸಿದ್ಧಗಂಗೆಯ ಬೆಟ್ಟದ ಕಲ್ಲಿಗೆ, ಮಧುಗಿರಿಯ ಏಕಶಿಲೆಗೆ 250 ಕೋಟಿ ವರ್ಷ ದಾಟಿದೆ. ಅಷ್ಟು ಹಿಂದೆ ನೆಲದ ಮೇಲೆ ಒಂದು ಮರವೂ ಇರಲಿಲ್ಲ. ಮರ ಹುಟ್ಟಿ, ಬಿದ್ದು, ಹೂತು, ಕಲ್ಲಿದ್ದಲಾಗಿದ್ದು ಸುಮಾರು 25–30 ಕೋಟಿ ವರ್ಷದ ಹಿಂದೆ. ಆ ಪದರ ಇರುವುದು ಗೋದಾವರಿ, ಮಹಾನದಿ, ದಾಮೋದರ ಕಣಿವೆಗಳಲ್ಲಿ.

ಹಾಗಾದರೆ ನಮ್ಮ ಕಲ್ಲಿದ್ದಲು ಎಲ್ಲಿಯದು? ಒಂದು ಪಾಲು ಭದ್ರಾವತಿಯದು. ನಗಬೇಡಿ. ಉಕ್ಕಿನ ಕಾರ್ಖಾನೆಯ ನಮ್ಮ ಭದ್ರಾವತಿ ಅಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲೂ ಒಂದು ಭದ್ರಾವತಿ ತಾಲೂಕು ಇದೆ. ಅಲ್ಲಿ ಬರಾಂಜ್ ಅಂತ ಊರು. ಬರಾಂಜ್ ಕಲ್ಲಿದ್ದಲು ನಿಕ್ಷೇಪಗಳನ್ನು 2003ರಲ್ಲಿ ನಮ್ಮ ಕರ್ನಾಟಕ ವಿದ್ಯುತ್ ನಿಗಮಕ್ಕೆ ಕೊಟ್ಟರು. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೇಶದ 214 ಕಲ್ಲಿದ್ದಲು ಹಂಚಿಕೆಗಳನ್ನು ಒಟ್ಟಿಗೆ ರದ್ದು ಮಾಡಿತಲ್ಲ, ಆಗ ಇದೂ ಹೋಯಿತು. ಆಮೇಲೆ ಮತ್ತೆ ನಮ್ಮ ನಿಗಮಕ್ಕೇ ಬಂತು. ಹೀಗಾಗಿ ಅಲ್ಲಿಯ ತೆರೆದ ಗಣಿಗೂ ಈ ದೀಪಕ್ಕೂ ಸಂಬಂಧ ಇದೆ. ಅಲ್ಲಿಯ ಹೊಲದವರಿಗೂ ನಮಗೂ ಸಂಬಂಧ ಇದೆ. ತುಮಕೂರಿನಲ್ಲಿ ಕೂತು ಕಲ್ಲಿದ್ದಲ ಗಣಿಯ ಪರಿಸರ ಅನುಮತಿ ಬಗ್ಗೆ ಯಾಕೆ ಕೇಳಬೇಕು ಅಂತ ಆಗಲೇ ಒಬ್ಬರು ಬಾಗಿಲಲ್ಲಿ ಕೇಳಿದರು. ಅವರಿಗೆ ಇದು ಮೊದಲ ಉತ್ತರ.

ಎರಡನೆಯ ಉತ್ತರ ಇನ್ನೂ ಹತ್ತಿರದ್ದು. ಚಂದ್ರಪುರದ ಕಲ್ಲಿದ್ದಲಿಗೂ ಚಿಕ್ಕನಾಯಕನಹಳ್ಳಿಯ ಕಬ್ಬಿಣದ ಅದಿರಿಗೂ ಕಾನೂನು ಒಂದೇ. ಪರಿಸರ ಅನುಮತಿಗೆ ಸಂಬಂಧಿಸಿದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಚಿಕ್ಕಬಳ್ಳಾಪುರದ ಜಲ್ಲಿ ಕ್ವಾರಿಯೂ ಅದರೊಳಗೇ ಬರುತ್ತದೆ. ಸಣ್ಣ ಕ್ವಾರಿಗೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ಹೇಳಿತು. ಹಾಗಾಗಿ ದೊಡ್ಡ ಗಣಿಯ ದಾರಿ ಗೊತ್ತಿದ್ದವರಿಗೆ ಸಣ್ಣ ಗಣಿಯ ದಾರಿಯೂ ಗೊತ್ತಾಗುತ್ತದೆ.

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಕೆಲಸ ಮಾಡಿದವನು. ಗಣಿ ಬರುವ ಜಾಗಕ್ಕೆ ಮೊದಲು ಹೋಗಿ ಗಾಳಿ, ನೀರು, ಮಣ್ಣು, ಸದ್ದು ಅಳೆಯುವ ಕೆಲಸ. ಗಣಿಯ ಪರಿಸರ ವರದಿಯ ಮೂರನೇ ಅಧ್ಯಾಯದಲ್ಲಿ ಉದ್ದುದ್ದ ಕೋಷ್ಟಕ ಬರುತ್ತದಲ್ಲ, ಆ ಅಂಕಿಗಳನ್ನು ತರುವವರು ನಾವು. ನಾನು ಹೇಳುವುದಕ್ಕೆ ಬಂದಿರುವುದು ಒಂದೇ ಮಾತು. ಊರಿನವರ ಹತ್ತಿರ ಇರುವ ಲೆಕ್ಕ ಫೈಲಿಗೆ ಸೇರಬೇಕು. ಅನುಮತಿ ಸಿಗುವುದಕ್ಕೆ ಮುಂಚೆ ಸೇರಬೇಕು. ಬರಹದಲ್ಲಿ ಸೇರಬೇಕು. ಈ ಮಾತನ್ನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ದಾರಿಯ ನಕ್ಷೆ ಬೇಗ ಹೇಳಿಬಿಡುತ್ತೇನೆ. ಕಂಪನಿ ಮೊದಲು ಅರ್ಜಿ ಹಾಕುತ್ತದೆ. ದೊಡ್ಡ ಗಣಿಯಾದರೆ ದೆಹಲಿಯ ಪರಿಸರ ಸಚಿವಾಲಯಕ್ಕೆ, ಚಿಕ್ಕದಾದರೆ ರಾಜ್ಯದ ಪ್ರಾಧಿಕಾರಕ್ಕೆ. ಅವರ ತಜ್ಞರ ಸಮಿತಿ 'ನೀವು ಇಂತಿಂಥದ್ದನ್ನು ಅಧ್ಯಯನ ಮಾಡಿ ಬನ್ನಿ' ಅಂತ ಪಟ್ಟಿ ಕೊಡುತ್ತದೆ. ಆ ಪಟ್ಟಿ ಹಿಡಿದು ಕರಡು ವರದಿ ಆಗುತ್ತದೆ. ಅದನ್ನೇ ಇ.ಐ.ಎ. ಅನ್ನುವುದು, ಪರಿಸರದ ಮೇಲಿನ ಪರಿಣಾಮದ ಅಂದಾಜು. ಕರಡಿನ ಮೇಲೆ ಊರಿನಲ್ಲಿ ಸಾರ್ವಜನಿಕ ಅಹವಾಲು ಸಭೆ. ಸಭೆಯ ನಡಾವಳಿ ಸೇರಿಸಿ ವರದಿ ಮತ್ತೆ ಸಮಿತಿಗೆ ಹೋಗುತ್ತದೆ. ಸಮಿತಿ ಶಿಫಾರಸು ಮಾಡುತ್ತದೆ, ಅನುಮತಿ ಪತ್ರ ಬರುತ್ತದೆ, ಅದರಲ್ಲಿ ಷರತ್ತುಗಳು ಇರುತ್ತವೆ. ಕಾಡು ಇದ್ದರೆ ಅರಣ್ಯ ಅನುಮತಿ ಬೇರೆ. ಅದಕ್ಕೆ 1980ರ ಕಾಯ್ದೆ.

ಇಷ್ಟೇ. ಆದರೆ ಈ ನಕ್ಷೆಯೊಳಗೆ ಊರು ಬಾಯಿ ತೆರೆಯುವುದಕ್ಕೆ ಇರುವುದು ಒಂದೇ ಬಾಗಿಲು, ಅಹವಾಲು ಸಭೆ. ಅದೂ ಮೊದಲಿನಿಂದ ಇರಲಿಲ್ಲ. ದೇಶದಲ್ಲಿ ಮೊದಲ ಅಧಿಸೂಚನೆ ಬಂದಿದ್ದು 1994ರ ಜನವರಿಯಲ್ಲಿ. ಅಹವಾಲು ಸಭೆ ಕಡ್ಡಾಯವಾಗಿದ್ದು 1997ರಲ್ಲಿ. ಕೋಲಾರದ ಚಿನ್ನದ ಗಣಿಯನ್ನು ನೆನಪು ಮಾಡಿಕೊಳ್ಳಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈ ಹಾಕಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೂರಿಪ್ಪತ್ತು ವರ್ಷ. ಮೂರು ಕಿಲೋಮೀಟರಿಗೂ ಆಳ ಇಳಿದರು. ಸೈನೈಡಿನಲ್ಲಿ ತೊಳೆದ ಮಣ್ಣನ್ನು ಗುಡ್ಡಗುಡ್ಡವಾಗಿ ಸುರಿದರು. ಗಾಳಿ ಎದ್ದರೆ ರಾಬರ್ಟ್‌ಸನ್ ಪೇಟೆಯ ಮನೆಗಳೊಳಗೆ ಆ ದೂಳು ಇವತ್ತಿಗೂ ಬರುತ್ತದೆ. ಗುಡ್ಡ ಎಲ್ಲಿ ಹಾಕಲಿ ಅಂತ ಆ ಊರನ್ನು ಯಾರೂ ಕೇಳಿರಲಿಲ್ಲ. ಕೇಳಬೇಕು ಅನ್ನುವ ಕಾನೂನೇ ಇರಲಿಲ್ಲ. ನಮಗೆ ಆ ಕಾನೂನು ಇದೆ. ಅದನ್ನು ನಾವು ಬಳಸುತ್ತಿಲ್ಲ ಅನ್ನುವುದು ನನ್ನ ನೋವು.

ಈಗ ಹಗ್ಗದ ಕತೆಗೆ ಬರುತ್ತೇನೆ. ಇದನ್ನು ಹೇಳುವುದಕ್ಕೇ ನಾನು ಬಂದಿದ್ದು.

ವಿದರ್ಭದ ಒಂದು ಊರು. ಯಾವ ಗಣಿ, ಯಾವ ಕಂಪನಿ ಅಂತ ಹೇಳುವುದಿಲ್ಲ, ಅದು ಬೇಡ. ಪಕ್ಕದಲ್ಲೇ ಒಂದು ಹಳೆಯ ತೆರೆದ ಗಣಿ ನಡೆಯುತ್ತಿತ್ತು. ಅದಕ್ಕೆ ಅಂಟಿಕೊಂಡು ಹೊಸದು ಬರಬೇಕಿತ್ತು. ನಾವು ನಾಲ್ಕು ಜನ ಡಿಸೆಂಬರಿನಲ್ಲಿ ಹೋದೆವು. ಕಪ್ಪು ಎರೆ ಮಣ್ಣು, ಹತ್ತಿ ಬಿಡಿಸುವ ಕಾಲ. ಹೊಲವೆಲ್ಲ ಬೆಳ್ಳಗೆ. ಹಳೆ ಗಣಿಯ ಹತ್ತಿರದ ಹೊಲಗಳಲ್ಲಿ ಮಾತ್ರ ಹತ್ತಿ ಬೂದು ಬಣ್ಣ. ವ್ಯಾಪಾರಿ ಅದಕ್ಕೆ ಬೆಲೆ ಕಮ್ಮಿ ಕೊಡುತ್ತಿದ್ದನಂತೆ.

ದೂಳು ಅಳೆಯುವ ಯಂತ್ರವನ್ನು ಶಾಲೆಯ ತಾರಸಿ ಮೇಲೆ ಇಟ್ಟೆವು. ಅದು ಗಾಳಿಯನ್ನು ಎಳೆದುಕೊಂಡು ಒಂದು ಫಿಲ್ಟರ್ ಕಾಗದದ ಮೇಲೆ ದೂಳು ಕೂರಿಸುತ್ತದೆ. ಕಾಗದವನ್ನು ಮೊದಲು ತೂಗಬೇಕು, ಆಮೇಲೆ ತೂಗಬೇಕು. ವ್ಯತ್ಯಾಸವೇ ದೂಳು. ವಾರಕ್ಕೆ ಎರಡು ದಿನ, ದಿನಕ್ಕೆ 24 ಗಂಟೆ ಓಡಬೇಕು. ಆದರೆ ಆ ಊರಿನಲ್ಲಿ ಕರೆಂಟು ಇರುತ್ತಿದ್ದುದು ಎಂಟು ಗಂಟೆ. ದೇಶಕ್ಕೆ ಕಲ್ಲಿದ್ದಲು ಕೊಡುವ ಊರು, ಕಲ್ಲಿದ್ದಲ ದೂಳು ಅಳೆಯುವುದಕ್ಕೂ ಅಲ್ಲಿ ಕರೆಂಟು ಇಲ್ಲ. ಬಾಡಿಗೆಗೆ ಜನರೇಟರ್ ತಂದೆವು. ಅದರ ಹೊಗೆ ಫಿಲ್ಟರಿಗೆ ಬಂತು. ಗಾಳಿ ಬೀಸುವ ದಿಕ್ಕು ನೋಡಿ ಜನರೇಟರನ್ನು ದೂರಕ್ಕೆ ಎಳೆದುಕೊಂಡು ಹೋದೆವು. ಆ ದಿನದ ಕಾಗದವನ್ನು ಎಸೆದು ಹೊಸದಾಗಿ ಶುರು ಮಾಡಿದೆವು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ವರದಿಯಲ್ಲಿ ಒಂದು ಅಂಕಿ ನೋಡಿದಾಗ ಅದನ್ನು ಯಾವ ತಾರಸಿ ಮೇಲೆ, ಯಾವ ತಿಂಗಳಲ್ಲಿ ತೆಗೆದರು ಅಂತ ಕೇಳುವುದನ್ನು ನೀವು ಕಲಿಯಬೇಕು. ಹುಡುಗರೇ, ನಿಮಗೆ ಹೇಳುತ್ತಿದ್ದೇನೆ, ಬರೆದುಕೊಳ್ಳಿ.

ಆಮೇಲೆ ಬಾವಿಗಳು. ಗಣಿಯ ಸುತ್ತ 10 ಕಿಲೋಮೀಟರ್ ಒಳಗೆ ಆಯ್ದ ಬಾವಿಗಳ ನೀರಿನ ಮಟ್ಟ ಅಳೆಯಬೇಕು. ಒಂದು ಬಾವಿಯ ಹತ್ತಿರ ಒಬ್ಬ ಅಜ್ಜಿ ನಿಂತಿದ್ದರು. ಹೆಗಲ ಮೇಲೆ ನೀಲಿ ನೈಲಾನ್ ಹಗ್ಗದ ಸುರುಳಿ. ನಾನು ಟೇಪು ಇಳಿಬಿಟ್ಟೆ. ನೀರು ಮೇಲೆಯೇ ಇತ್ತು. ಬರೆದುಕೊಂಡೆ. ಅಜ್ಜಿ ಸುಮ್ನೆ ನೋಡುತ್ತಿದ್ದರು. ಆಮೇಲೆ ಮರಾಠಿಯಲ್ಲಿ ಕೇಳಿದರು. ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಮಗಾ, ಇದನ್ನು ಬರೆದುಕೊಂಡು ಹೋಗ್ತೀಯಾ?"

"ಹೌದು ಅಜ್ಜಿ."

"ಬೇಸಿಗೇಲಿ ಬರ್ತೀಯಾ?"

"ಇಲ್ಲ ಅಜ್ಜಿ. ಒಂದು ಕಾಲದ್ದು ಸಾಕು, ಹಾಗಂತ ನಿಯಮ ಇದೆ."

ಅಜ್ಜಿ ಹೆಗಲಿಂದ ಹಗ್ಗ ಇಳಿಸಿದರು. ಒಂದೊಂದೇ ಗಂಟು ತೋರಿಸಿದರು. ಅಕ್ಷಯ ತದಿಗೆಯ ದಿನ ಅವರ ಕಡೆ ಹಿರಿಯರ ಹೆಸರಿನಲ್ಲಿ ನೀರು ತುಂಬಿದ ಮಡಕೆ ಇಡುತ್ತಾರೆ. ಆ ದಿನದ ಮೊದಲ ಕೊಡ ಸೇದುವಾಗ, ಕೊಡ ನೀರಿಗೆ ತಾಗಿದ ಕೂಡಲೇ, ಬಾವಿ ಕಟ್ಟೆಯ ಮೇಲೆ ಕೈ ಎಲ್ಲಿದೆಯೋ ಅಲ್ಲಿ ಒಂದು ಗಂಟು ಹಾಕುತ್ತಿದ್ದರು. ವರ್ಷಕ್ಕೊಂದು ಗಂಟು. ಒಟ್ಟು ಒಂಬತ್ತು ಗಂಟು. ಮೊದಲ ವರ್ಷದ ಗಂಟಿಗೂ ಒಂಬತ್ತನೆಯದಕ್ಕೂ ನಡುವೆ ಸುಮಾರು ನಾಲ್ಕು ಮಾರು ಅಂತರ. ಕೊನೆಯ ಗಂಟಿನ ಆಚೆ ಉಳಿದಿದ್ದ ಹಗ್ಗ ಎರಡು ಮೊಳ.

ನನ್ನ ಬಳಿ ಒಂದು ಡಿಸೆಂಬರಿನ ಒಂದು ಅಂಕಿ ಇತ್ತು. ಅವರ ಬಳಿ ಒಂಬತ್ತು ಬೇಸಿಗೆಯ ಲೆಕ್ಕ ಇತ್ತು. ಒಂದೇ ಬಾವಿ, ಒಂದೇ ದಿನ, ಒಬ್ಬರೇ ಅಳೆದಿದ್ದು. ಯಾವ ಪ್ರಯೋಗಾಲಯವೂ ಇಷ್ಟು ಶಿಸ್ತಿನಿಂದ ಮಾಡಿರಲಾರದು. ನಾನು ವಾಪಸ್ ಬಂದು ನನ್ನ ಮೇಲಿನವರಿಗೆ ಹೇಳಿದೆ. ಹಗ್ಗದ ಗಂಟಿಗೆ ಕೋಷ್ಟಕದಲ್ಲಿ ಕಾಲಂ ಇಲ್ಲ ಅಂದರು. ನನ್ನ ಡಿಸೆಂಬರಿನ ಅಂಕಿ ವರದಿಗೆ ಹೋಯಿತು. ಹಗ್ಗ ಅಜ್ಜಿಯ ಹೆಗಲ ಮೇಲೆಯೇ ಉಳಿಯಿತು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಗಣಿ ತೋಡಿದರೆ ಬಾವಿ ಯಾಕೆ ಇಳಿಯುತ್ತದೆ? ಮಧುಗಿರಿ, ಕೊರಟಗೆರೆ, ಪಾವಗಡದ ಹಿರಿಯರಿಗೆ ತಲಪರಿಗೆ ಗೊತ್ತು. ಮರಳು ಬಗೆದು ಗುಂಡಿ ಮಾಡಿದರೆ ಸುತ್ತಲಿನ ನೀರು ಒಸರಿಕೊಂಡು ಗುಂಡಿಗೆ ಬರುತ್ತದೆ. ತೆರೆದ ಗಣಿಯೂ ಅಂಥದ್ದೇ ಗುಂಡಿ. ಆದರೆ ಆಳ ನೂರು ಮೀಟರ್ ದಾಟುವುದುಂಟು, ಅಗಲ ಕಿಲೋಮೀಟರುಗಟ್ಟಲೆ. ಮೇಲಿನ ಫಲವತ್ತಾದ ಮಣ್ಣು ತೆಗೆದು ಬೇರೆ ಇಡುತ್ತಾರೆ, ಇಡಬೇಕು. ಅದರ ಕೆಳಗಿನ ಕಲ್ಲುಮಣ್ಣಿಗೆ ಓವರ್‌ಬರ್ಡನ್ ಅನ್ನುತ್ತಾರೆ, ಗಣಿಯವರ ಬಾಯಲ್ಲಿ ಅದು ಬರೀ 'ಓಬಿ'. ಒಂದು ಟನ್ ಕಲ್ಲಿದ್ದಲಿಗೆ ಹಲವು ಘನ ಮೀಟರ್ ಓಬಿ ಎತ್ತಬೇಕಾಗಬಹುದು. ಅದೇ ಬೆಟ್ಟವಾಗಿ ನಿಲ್ಲುತ್ತದೆ. ಗುಂಡಿಗೆ ಇಳಿದ ನೀರಿನಲ್ಲಿ ಡಂಪರ್ ಓಡುವುದಿಲ್ಲ, ಹಾಗಾಗಿ ಹಗಲೂ ರಾತ್ರಿ ಪಂಪು ಹೊಡೆದು ಹೊರಗೆ ಹಾಕುತ್ತಾರೆ. ಆ ನೀರು ಬಂದಿದ್ದು ಸುತ್ತಲಿನ ನೆಲದಿಂದ, ಅಲ್ವಾ? ಮೊದಲು ಹತ್ತಿರದ ಬಾವಿ ಇಳಿಯುತ್ತದೆ, ಆಮೇಲೆ ದೂರದ್ದು. ಡಿಸೆಂಬರಿನಲ್ಲಿ ಇದು ಕಾಣುವುದಿಲ್ಲ. ಮಳೆ ಮುಗಿದು ಎರಡೇ ತಿಂಗಳು ಆಗಿರುತ್ತದೆ. ಕಾಣುವುದು ಏಪ್ರಿಲ್, ಮೇ ತಿಂಗಳಲ್ಲಿ.

ಸರಿ, ಅಹವಾಲು ಸಭೆ. ಕೆಲವು ತಿಂಗಳ ನಂತರ ಆಯಿತು. ನಿಯಮ ಏನು ಹೇಳುತ್ತದೆ ಕೇಳಿ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆ. ಮಾಲಿನ್ಯ ನಿಯಂತ್ರಣ ಮಂಡಳಿ ಸಭೆ ಏರ್ಪಡಿಸಬೇಕು. ಜಿಲ್ಲಾಧಿಕಾರಿ ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದವರು ಅಧ್ಯಕ್ಷತೆ ವಹಿಸಬೇಕು. ಪೂರ್ತಿ ವಿಡಿಯೋ ಮಾಡಬೇಕು. ಬಂದ ಪ್ರತಿಯೊಬ್ಬರಿಗೂ ಪ್ರಶ್ನೆ ಕೇಳುವುದಕ್ಕೆ ಅವಕಾಶ ಕೊಡಬೇಕು. ಇನ್ನೊಂದು ಮುಖ್ಯ ವಿಷಯ. ಇದಕ್ಕೆ ಕೋರಂ ಇಲ್ಲ. ಹತ್ತೇ ಜನ ಬಂದರೂ ಸಭೆ ನಡೆದ ಹಾಗೆಯೇ ಲೆಕ್ಕ. 'ನಾವು ಬಹಿಷ್ಕಾರ ಹಾಕಿದೆವು, ಸಭೆ ನಿಂತಿತು' ಅಂತ ತಿಳಿದುಕೊಂಡು ಮನೆಯಲ್ಲಿ ಕೂತ ಊರುಗಳನ್ನು ನಾನು ನೋಡಿದ್ದೇನೆ. ಅವರ ಮಾತು ಮಾತ್ರ ಫೈಲಿಗೆ ಹೋಗಲಿಲ್ಲ.

ಮತ್ತೆ, ಇದು ವೋಟು ಹಾಕುವ ಸಭೆಯೂ ಅಲ್ಲ. ಸಾವಿರ ಜನ ಬೇಡ ಎಂದು ಕೂಗಿದರೂ ಅದೊಂದರಿಂದಲೇ ಗಣಿ ನಿಲ್ಲುವುದಿಲ್ಲ. ದೆಹಲಿಯಲ್ಲಿ ಕೂತ ಸಮಿತಿಯವರು ಆ ಕೂಗನ್ನು ಕೇಳಿಸಿಕೊಳ್ಳುವುದಿಲ್ಲ. ಅವರು ಓದುವುದು ನಡಾವಳಿ. ಅದಕ್ಕೇ ಹೇಳುತ್ತಿರುವುದು, ಊರಿನ ಲೆಕ್ಕ ಬರಹದಲ್ಲಿ ಫೈಲಿಗೆ ಸೇರಬೇಕು.

ಆ ದಿನ ಶಾಮಿಯಾನ ಹಾಕಿದ್ದರು. ಸಾವಿರದಷ್ಟು ಕುರ್ಚಿ. ಊಟದ ವಾಸನೆ ಹತ್ತು ಗಂಟೆಗೇ ಬರುತ್ತಿತ್ತು. ಕೆಲಸ ಕೊಡಿ ಅಂತ ಯುವಕರು, ಎಕರೆಗೆ ಎಷ್ಟು ಅಂತ ರೈತರು, ಗಣಿ ಬೇಕೇ ಬೇಕು ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ಎಲ್ಲರ ಮಾತಿಗೂ ಕಾರಣ ಇತ್ತು. ಅಜ್ಜಿಯ ಸರದಿ ಎರಡು ಗಂಟೆ ಹೊತ್ತಿಗೆ ಬಂತು. ಮೈಕು ಹಿಡಿಯಲಿಲ್ಲ. ಹಗ್ಗದ ಒಂದು ತುದಿಯನ್ನು ವೇದಿಕೆಯ ಮೇಜಿನ ಕಾಲಿಗೆ ಕಟ್ಟಿ, ಜನರ ನಡುವೆ ಎಳೆದುಕೊಂಡು ಹೋದರು. ಹೋಗ್ತಾ ಹೋಗ್ತಾ ಒಂದೊಂದು ಗಂಟಿನ ಹತ್ತಿರ ನಿಂತು ವರ್ಷ ಹೇಳಿದರು. ಕೊನೆಗೆ ಕೇಳಿದ್ದು ಇಷ್ಟೇ: "ಈ ಹಗ್ಗ ಮುಗೀತು. ಮುಂದಿನ ಹಗ್ಗ ಯಾರು ಕೊಡ್ತೀರಿ?"

ಶಾಮಿಯಾನದಲ್ಲಿ ಯಾರೂ ಉಸಿರೆತ್ತಲಿಲ್ಲ. ಕಂಪನಿಯವರು ಎದ್ದು, ಅಂತರ್ಜಲಕ್ಕೆ ಗಮನಾರ್ಹ ಪರಿಣಾಮ ಇರುವುದಿಲ್ಲ, ವರದಿಯಲ್ಲಿ ಇದೆ ಅಂದರು. ಅವರು ಹೇಳಿದ ಕೋಷ್ಟಕದಲ್ಲಿ ಇದ್ದಿದ್ದು ನನ್ನ ಡಿಸೆಂಬರಿನ ಅಂಕಿ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಆ ಕ್ಷಣ ಇವತ್ತಿಗೂ ಮರೆತಿಲ್ಲ.

ನಾಲ್ಕು ಗಂಟೆ ಆಯಿತು. ಊಟ ಮುಗಿದು ಅರ್ಧ ಜನ ಹೊರಟುಹೋಗಿದ್ದರು. ಈಗ ಕೇಳಿ, ನಿಯಮದ ಅತಿ ಮುಖ್ಯ ಸಾಲು ಇದು. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಜನರ ಮುಂದೆ ಓದಬೇಕು. ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕು. ಒಪ್ಪಿದ ನಡಾವಳಿಗೆ ಅಧ್ಯಕ್ಷರು ಅದೇ ದಿನ ಸಹಿ ಹಾಕಬೇಕು. ಅವತ್ತು ಓದಿದರು. 'ಕೆಲವರು ನೀರಿನ ಸಮಸ್ಯೆ ಕುರಿತು ಪ್ರಸ್ತಾಪಿಸಿದರು' ಅಂತ ಒಂದು ಸಾಲು ಇತ್ತು. ಒಂಬತ್ತು ಬೇಸಿಗೆ ಒಂದು ಸಾಲಾಗಿತ್ತು.

ಆಗ ಆ ಊರಿನ ಶಾಲೆಯ ಮೇಷ್ಟ್ರು ಎದ್ದು ನಿಂತರು. "ಸಾಹೇಬರೇ, ಹಗ್ಗ ಎಲ್ಲಿ?" ಅಂದರು. ಅಷ್ಟೇ ಅಂದಿದ್ದು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಒಳ್ಳೆಯವರು. ಪೆನ್ನು ಕೆಳಗಿಟ್ಟರು. ಟೇಪು ಯಾರ ಹತ್ತಿರ ಇದೆ ಅಂತ ಕೇಳಿದರು. ನನ್ನ ಹತ್ತಿರ ಇತ್ತು. ಎಲ್ಲರ ಎದುರು ಆ ಹಗ್ಗವನ್ನು ನೆಲದ ಮೇಲೆ ಹಾಸಿ, ಕೊಡ ಕಟ್ಟುವ ತುದಿಯಿಂದ ಒಂದೊಂದು ಗಂಟಿಗೂ ನಾನೇ ಅಳೆದೆ. ಮೇಷ್ಟ್ರು ಬರೆದುಕೊಂಡರು. ಒಂಬತ್ತು ಅಂಕಿ, ಒಂಬತ್ತು ವರ್ಷ, ಬಾವಿಯ ಸರ್ವೆ ನಂಬರ್. ಅದು ನಡಾವಳಿಗೆ ಸೇರಿತು. ಅಜ್ಜಿಯ ಹೆಬ್ಬೆಟ್ಟು ಬಿತ್ತು.

ಮುಂದೆ ಏನಾಯಿತು? ಗಣಿ ನಿಲ್ಲಲಿಲ್ಲ. ಸುಳ್ಳು ಹೇಳುವುದಿಲ್ಲ. ಆದರೆ ಸಮಿತಿ ಆ ನಡಾವಳಿ ಓದಿ ಫೈಲನ್ನು ವಾಪಸ್ ಕಳಿಸಿತು. ಬೇಸಿಗೆಯ ಅಂಕಿ ತನ್ನಿ, ಅಂತರ್ಜಲದ ಅಧ್ಯಯನ ಇನ್ನೊಮ್ಮೆ ಮಾಡಿ ಅಂದಿತು. ನಾವು ಮೇ ತಿಂಗಳಲ್ಲಿ ಮತ್ತೆ ಹೋದೆವು. ಅನುಮತಿ ಪತ್ರದಲ್ಲಿ ಆ ಊರಿನ ಬಾವಿಗಳ ಹೆಸರು ಬಂತು. ಜನವರಿ, ಮೇ, ಆಗಸ್ಟ್, ನವೆಂಬರ್, ವರ್ಷಕ್ಕೆ ನಾಲ್ಕು ಸಲ ಮಟ್ಟ ಅಳೆಯಬೇಕು. ಬಾವಿ ಬತ್ತಿದರೆ ಕಂಪನಿ ಕುಡಿಯುವ ನೀರು ಕೊಡಬೇಕು. ಎರಡು ಬೇಸಿಗೆ ಕಳೆದ ಮೇಲೆ ಆ ಊರಿಗೆ ಪೈಪಿನಲ್ಲಿ ನೀರು ಬಂತು. ಪಕ್ಕದ ಊರಿನಲ್ಲೂ ಬಾವಿ ಬತ್ತಿತು. ಅವರ ಹೆಸರು ನಡಾವಳಿಯಲ್ಲಿ ಇರಲಿಲ್ಲ. ಅವರು ಇನ್ನೂ ಅರ್ಜಿ ಹಿಡಿದು ಓಡಾಡುತ್ತಿದ್ದರು. ಅದೇ ಗಣಿ, ಅದೇ ಗುಂಡಿ.

ಚೀಟಿ ಬಂದಿದೆ. ಇಪ್ಪತ್ತು ನಿಮಿಷ ಇದೆ ಅಂತೆ. ಕತೆ ಸ್ವಲ್ಪ ಉದ್ದವಾಯಿತು, ಆದರೂ ಅದನ್ನು ಕಮ್ಮಿ ಮಾಡುವುದು ನನಗೆ ಆಗುವುದಿಲ್ಲ.

ಭಾಷೆಯ ವಿಷಯ ಹೇಳಲೇಬೇಕು. ಪೂರ್ತಿ ವರದಿ ಇಂಗ್ಲಿಷಿನಲ್ಲಿ ಇರುತ್ತದೆ, ನೂರಾರು ಪುಟ. ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದ್ದು ಸಾರಾಂಶ ಮಾತ್ರ. ಸಾರಾಂಶ ಹೆಚ್ಚೆಂದರೆ 10 ಪುಟ ಇರಬೇಕು ಅಂತ ನಿಯಮದಲ್ಲೇ ಇದೆ. ಬಾವಿಗಳ ಕೋಷ್ಟಕ ಆ 10 ಪುಟದಲ್ಲಿ ಎಲ್ಲಿ ಹಿಡಿಸುತ್ತದೆ? ತನ್ನ ಬಾವಿಯ ಅಂಕಿ ತಪ್ಪು ಅಂತ ಹೇಳಬಲ್ಲ ಒಬ್ಬರೇ ವ್ಯಕ್ತಿ ಆ ಬಾವಿಯ ಒಡೆಯ. ಅವರಿಗೆ ಓದುವುದಕ್ಕೆ ಬಾರದ ಭಾಷೆಯಲ್ಲಿ ಅಂಕಿ ಅಚ್ಚಾಗಿರುತ್ತದೆ. ಕಡೇ ಪಕ್ಷ ಬಾವಿ, ಬೋರ್‌ವೆಲ್, ದೂಳಿನ ಕೋಷ್ಟಕಗಳನ್ನಾದರೂ ಪೂರ್ತಿಯಾಗಿ ಕನ್ನಡದಲ್ಲಿ ಕೊಡಬೇಕು. ಇದು ನನ್ನ ಬೇಡಿಕೆ, ಎಲ್ಲಿ ಮೈಕು ಸಿಕ್ಕರೂ ಹೇಳುತ್ತೇನೆ.

ಓದುವವರು ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಮಹಾರಾಷ್ಟ್ರದ ರತ್ನಾಗಿರಿಯಲ್ಲಿ ಒಂದು ಬಾಕ್ಸೈಟ್ ಗಣಿಯ ವರದಿ ಹೊರಗೆ ಬಂತು. ಅದರ ಭಾಗಗಳು ರಷ್ಯಾದ ಒಂದು ಗಣಿಯ ವರದಿಯಿಂದ ಎತ್ತಿದ್ದು ಅಂತ ಗೊತ್ತಾಯಿತು. ಕೊಂಕಣದಲ್ಲಿ ಮಾವು, ಗೋಡಂಬಿ ಇರುವ ನೆಲಕ್ಕೆ ಹಿಮದ ನಾಡಿನ ಮರಗಳು ಬಂದಿದ್ದವು. ಓದಿದವರು ಇದ್ದಿದ್ದರಿಂದ ಸಿಕ್ಕಿಬಿತ್ತು.

2006ರ ಅಧಿಸೂಚನೆಯ ಬದಲಿಗೆ 2020ರಲ್ಲಿ ಹೊಸ ಕರಡು ಅಧಿಸೂಚನೆ ಬಂದಿದ್ದು ನೆನಪಿರಬಹುದು. ಜನ ಉತ್ತರಿಸುವ 30 ದಿನವನ್ನು 20ಕ್ಕೆ ಇಳಿಸುವ ಮಾತು ಅದರಲ್ಲಿತ್ತು. ಅದು ಬಂದಿದ್ದೂ ಇಂಗ್ಲಿಷ್, ಹಿಂದಿಯಲ್ಲಿ. 22 ಭಾಷೆಗೆ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಕನ್ನಡದಲ್ಲಿ ಕೊಡಿ ಅಂತ ಕೇಳುವುದು ಭಾಷೆಯ ಅಭಿಮಾನಕ್ಕೆ ಮಾತ್ರ ಸೇರಿದ್ದಲ್ಲ, ನೀರಿನ ಲೆಕ್ಕಕ್ಕೂ ಸೇರಿದೆ.

ಈಗ ನಮ್ಮ ಜಿಲ್ಲೆ. ಚಿಕ್ಕನಾಯಕನಹಳ್ಳಿ ಕಡೆಯವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧ ಸಭೆ. ಅದಿರಿನ ಲಾರಿ ಓಡುತ್ತಿದ್ದ ಆ ವರ್ಷಗಳಲ್ಲಿ ರಸ್ತೆ ಬದಿಯ ತೆಂಗಿನ ಗರಿ ಕೆಂಪಾಗಿದ್ದು ನೀವೇ ನೋಡಿದ್ದೀರಿ. 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ನಮ್ಮ ತುಮಕೂರಿನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಅಕ್ರಮ ಎಷ್ಟು ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಸಿ ವರ್ಗದವು ರದ್ದಾದವು. ಉಳಿದವು ಹಾಳಾದ ನೆಲ ಸರಿಪಡಿಸುವ ಯೋಜನೆ ಮಾಡಿಕೊಂಡ ಮೇಲೆ ಶುರುವಾದವು. ಆ ದಿನಗಳಲ್ಲಿ ನನಗೆ ಜಾಸ್ತಿ ಬೇಸರ ಆಗಿದ್ದು ಒಂದು ಕಾರಣಕ್ಕೆ. ಇಷ್ಟು ವರ್ಷ ಎಷ್ಟು ದೂಳು ಬಿತ್ತು, ತೋಟದ ಇಳುವರಿ ಎಷ್ಟು ಇಳಿಯಿತು, ಯಾವ ಹಳ್ಳದಲ್ಲಿ ಹೂಳು ಎಷ್ಟು ತುಂಬಿತು ಅಂತ ಯಾವ ಊರಿನಲ್ಲೂ ಬರೆದಿಟ್ಟವರು ನನಗೆ ಸಿಗಲಿಲ್ಲ. ಬಾಯಲ್ಲಿ ಎಲ್ಲರೂ ಹೇಳುತ್ತಿದ್ದರು. ಕೊಬ್ಬರಿ ಮಾರಿದ ಚೀಟಿಯನ್ನೂ ಯಾರೂ ಇಟ್ಟಿರಲಿಲ್ಲ. ತಿಪಟೂರು ಮಾರುಕಟ್ಟೆಯ ಒಂದು ಚೀಟಿ ಕೂಡ ಲೆಕ್ಕವೇ, ಇಟ್ಟುಕೊಳ್ಳಿ.

ಪಾವಗಡದ ಸೋಲಾರ್ ಪಾರ್ಕಿನ ಬಗ್ಗೆ ಒಂದು ಮಾತು. ಐದು ಊರಿನ 13,000 ಎಕರೆ. ರೈತರಿಂದ ಗುತ್ತಿಗೆಗೆ ಪಡೆದಿದ್ದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. 2,050 ಮೆಗಾವಾಟ್. ಹೊಗೆ ಇಲ್ಲ, ಬೂದಿ ಇಲ್ಲ, ಗುಂಡಿ ಇಲ್ಲ. ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಸೌರ ಫಲಕಗಳಿಗೆ ಈ ಪರಿಸರ ಅನುಮತಿ ಬೇಕಾಗಿಲ್ಲ, ಹಾಗಾಗಿ ಅಹವಾಲು ಸಭೆಯೂ ಬೇಕಾಗಿಲ್ಲ. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಎಲ್ಲಿ ನಿಂತು ಮಾತಾಡಬೇಕಿತ್ತು? ಅವರಿಗೂ ಒಂದು ಶಾಮಿಯಾನ ಬೇಕಿತ್ತು.

ಇನ್ನೊಂದು ಚೀಟಿ. ಐದು ನಿಮಿಷ. ಸರಿ, ಹಸ್‌ದೇವ್ ಕಾಡಿನ ವಿಷಯ ವಿವರವಾಗಿ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಛತ್ತೀಸಗಡದ ಆ ಕಾಡಿನ ಊರಿನವರು ಕಲ್ಲಿದ್ದಲ ಗಣಿ ಬೇಡ ಅಂತ 2021ರಲ್ಲಿ ರಾಯಪುರಕ್ಕೆ 300 ಕಿಲೋಮೀಟರ್ ನಡೆದು ಬಂದರು. 2022ರಲ್ಲಿ ಅಲ್ಲಿಯ ವಿಧಾನಸಭೆ ಕಲ್ಲಿದ್ದಲು ನಿಕ್ಷೇಪಗಳನ್ನು ರದ್ದು ಮಾಡಿ ಅಂತ ನಿರ್ಣಯ ಮಾಡಿತು. ಇನ್ನೊಂದು ದಿನ ಕರೆದರೆ ಬಂದು ಹೇಳುತ್ತೇನೆ. ಗಣಿ ದೊಡ್ಡದು ಮಾಡುವಾಗಿನ ರಿಯಾಯಿತಿ ಮಾತ್ರ ಬಿಡಬಾರದು. ಈಗಾಗಲೇ ನಡೆಯುತ್ತಿರುವ ಕಲ್ಲಿದ್ದಲ ಗಣಿ ತನ್ನ ಉತ್ಪಾದನೆ ಹೆಚ್ಚಿಸುವಾಗ, ಕೆಲವು ಷರತ್ತುಗಳ ಮೇಲೆ, ಹೊಸ ಅಹವಾಲು ಸಭೆ ಇಲ್ಲದೆಯೇ ಅನುಮತಿ ಪಡೆಯಬಹುದು. 2017ರಲ್ಲಿ ಶೇ. 40ರವರೆಗೆ ಬಿಟ್ಟರು, 2022ರಲ್ಲಿ ಶೇ. 50ರವರೆಗೆ. ಹಾಗಾಗಿ ಮೊದಲ ಸಭೆಯಲ್ಲಿ ಬರೆಸಿದ್ದೇ ಎಷ್ಟೋ ವರ್ಷಗಳ ಕಾಲ ನಿಮ್ಮ ಕೈಯಲ್ಲಿರುವ ಒಂದೇ ಕಾಗದ ಆಗಬಹುದು.

ಅನುಮತಿ ಸಿಕ್ಕ ಮೇಲೂ ಮುಗಿಯುವುದಿಲ್ಲ. ಕಂಪನಿ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲಿಸಿದ ವರದಿ ಕೊಡಬೇಕು. ಪರಿಸರ ಸಚಿವಾಲಯದ 'ಪರಿವೇಶ್' ಜಾಲತಾಣದಲ್ಲಿ ಅರ್ಜಿ, ವರದಿ, ಅನುಮತಿ ಪತ್ರ ಸಿಗುತ್ತವೆ. ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಸಕಾರಣ ಇದ್ದರೆ ಇನ್ನೂ 60 ದಿನ. ಅದರ ಮೇಲೆ ಒಂದು ದಿನ ದಾಟಿದರೂ ಬಾಗಿಲು ಮುಚ್ಚುತ್ತದೆ. ನಮಗೆ ಚೆನ್ನೈ ಪೀಠ. ಈ ದಿನಾಂಕ ಮರೆತು ಸೋತವರು ಬಹಳ ಜನ.

ಸಭೆಗೆ ಬರಲಾಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆಯಬಹುದು. ಅದಕ್ಕೂ ಅಷ್ಟೇ ಬೆಲೆ. ಎರಡು ಪ್ರತಿ ಮಾಡಿ. ಒಂದಕ್ಕೆ ಸೀಲು ಹಾಕಿಸಿಕೊಂಡು ಮನೆಯಲ್ಲಿ ಇಡಿ.

ಸಮಯ ಮುಗಿಯಿತು ಅಂತ ಅಧ್ಯಕ್ಷರು ನೋಡುತ್ತಿದ್ದಾರೆ. ಒಂದೇ ಕೆಲಸ ಹೇಳಿ ಇಳಿಯುತ್ತೇನೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ, ಇನ್ನೂರು ಪುಟದ್ದು. ನಮ್ಮಲ್ಲಿ ಸೇದುವ ಬಾವಿ ಈಗ ಕಮ್ಮಿ. ಆದರೆ ಬೋರ್‌ವೆಲ್ ಇಲ್ಲದ ತೋಟ ಇಲ್ಲ. ನಿಮ್ಮ ತೋಟದಲ್ಲಿ ಯಾವ ವರ್ಷ ಕೊರೆಸಿದಿರಿ, ಎಷ್ಟು ಅಡಿಗೆ ನೀರು ಬಂತು, ಯಾವ ವರ್ಷ ನಿಂತುಹೋಯಿತು, ಮುಂದಿನದನ್ನು ಎಷ್ಟು ಅಡಿಗೆ ಇಳಿಸಿದಿರಿ, ಇಷ್ಟು ಬರೆಯಿರಿ. ಊರಿನ ಹೆಸರು, ಸರ್ವೆ ನಂಬರ್ ಇರಲಿ. ನೆನಪಿಲ್ಲದಿದ್ದರೆ ಮನೆಗೆ ಹೋಗಿ ಅಮ್ಮನನ್ನು, ಅಜ್ಜಿಯನ್ನು ಕೇಳಿ. ಬೋರು ಕೊರೆಸಿದ ವರ್ಷ ಅವರಿಗೆ ನೆನಪಿರುತ್ತದೆ, ಆ ವರ್ಷ ಯಾವ ಒಡವೆ ಅಡವಿಟ್ಟರು ಅನ್ನುವುದರ ಸಮೇತ. ಅದನ್ನೂ ಬರೆಯಿರಿ. ಪೆನ್ನು ಎರಡು ಇಟ್ಟಿದ್ದೇನೆ. ಚಿಕ್ಕನಾಯಕನಹಳ್ಳಿಯ ಕೊನೇ ಬಸ್ಸಿಗೆ ಹೋಗುವವರು ಮೊದಲು ಬನ್ನಿ, ಉಳಿದವರು ಅವರಿಗೆ ಸ್ವಲ್ಪ ದಾರಿ ಬಿಡಿ. ನಮಸ್ಕಾರ.